ದೇವಲಾಪುರಕ್ಕೆ ಹೋದ ಸಂಕ್ರಾಂತಿ ಕಾರ್ಡು

ತೊಂಬತ್ತರ ದಶಕದಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದರೆ ಶ್ರೀರಂಗಪಟ್ಟಣದ ಅಂಗಡಿಗಳ ಮುಂದೆ ಹಗ್ಗ ಕಟ್ಟಿ ಗ್ರೀಟಿಂಗ್ ಕಾರ್ಡುಗಳನ್ನು ನೇತುಹಾಕುತ್ತಿದ್ದರು. ನಾನು ಆಗ ಅರಕೆರೆಯಿಂದ ಬಸ್ಸಿನಲ್ಲಿ ಪಟ್ಟಣದ ಕಾಲೇಜಿಗೆ ಹೋಗಿ ಬರುತ್ತಿದ್ದ ಪಿಯುಸಿ ಹುಡುಗಿ. ಬಸ್ಸು ಬರುವವರೆಗೆ ಆ ಕಾರ್ಡುಗಳನ್ನು ನೋಡುತ್ತ ನಿಂತರೆ ನನಗೆ ಸಿಟ್ಟು ಬರುತ್ತಿತ್ತು. ಮೇಲೆ ಸಂಕ್ರಾಂತಿಯ ಶುಭಾಶಯಗಳು ಅಂತ ಇರುತ್ತಿತ್ತು. ಕೆಳಗೆ ನೋಡಿದರೆ ಹಿಮ ಬಿದ್ದ ಬೆಟ್ಟ, ಹೊಗೆಗೂಡಿನ ಮರದ ಮನೆ, ಮುಂದೆ ಕೊಳದಲ್ಲಿ ಎರಡು ಬಾತುಕೋಳಿ. ನಮ್ಮ ಕಡೆ ಸಂಕ್ರಾಂತಿಗೆ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರೆ. ಈ ಬಾತುಕೋಳಿಗಳನ್ನು ಏನು ಹಾಯಿಸಬೇಕು ಎಂದು ಒಂದು ಸಲ ಅಂಗಡಿಯವನನ್ನೇ ಕೇಳಿದೆ. ತಗೊಳ್ಳೋದಿದ್ರೆ ತಗೊಳಮ್ಮ, ಇಲ್ಲದಿದ್ರೆ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದ.

ಹಾಗಾಗಿ ನಾನೇ ಮಾಡುತ್ತೇನೆಂದು ತೀರ್ಮಾನಿಸಿದೆ. ನನ್ನ ಸ್ವಭಾವವೇ ಅದು. ಯಾವುದಾದರೂ ಚೆನ್ನಾಗಿಲ್ಲ ಎನಿಸಿದರೆ ಸುಮ್ಮನಿರಲಾರೆ, ನಾನು ಕೈಹಾಕಿ ಇನ್ನಷ್ಟು ಕೆಡಿಸಿದರೂ ಸರಿ.

ಮೊದಲ ಅಚ್ಚು ಸಿಕ್ಕಿದ್ದು ಅಡುಗೆಮನೆಯಲ್ಲಿ. ಬೆಂಡೆಕಾಯಿಯನ್ನು ತೊಟ್ಟಿನ ಹತ್ತಿರ ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಮೂಡುತ್ತದೆ, ನಡುವೆ ಬೀಜದ ಜಾಗವೂ ಸಮೇತ. ಬಾಳೆಎಲೆಯ ದಂಟನ್ನು ಕೊಯ್ದು ಒತ್ತಿದರೆ ಜೋತುಬಿದ್ದ ಅರ್ಧಚಂದ್ರ, ಅದರ ತುಂಬ ಸಣ್ಣ ಸಣ್ಣ ಕಿಂಡಿ. ಹಾಗಲಕಾಯಿ ಒತ್ತಿದರೆ ಗರಗಸದ ಚಕ್ರ. ಕೆಂಪು ಬೇಕಾದರೆ ಅರಿಸಿನಕ್ಕೆ ಸುಣ್ಣ, ನೀಲಿ ಬೇಕಾದರೆ ಬಿಳಿ ಬಟ್ಟೆಗೆ ಹಾಕುವ ನೀಲಿ, ಉಳಿದಿದ್ದಕ್ಕೆಲ್ಲ ಅಪ್ಪ ಎತ್ತಿನ ಕೊಂಬಿಗೆ ಬಳಿಯಲು ತಂದಿಟ್ಟ ಬಣ್ಣ. ಒಂದು ವಾರ ನಮ್ಮ ಮನೆಯ ಸಾರಿನಲ್ಲಿ ತೊಟ್ಟಿನ ಕಡೆಯ ತುಂಡೇ ಇರಲಿಲ್ಲ.

"ಬೆಂಡೆಕಾಯ್ಗೆಲ್ಲ ತಲೆನೇ ಇಲ್ವಲ್ಲಮ್ಮಿ," ಎಂದು ಅವ್ವ ಕೇಳಿದಳು.

"ತಲೆ ಇಲ್ದೋರ್ ಮನೇಲಿ ತಲೆ ಇಲ್ದಿರೋ ಸಾರು. ಉಣ್ಣು, ಸುಮ್ಕೆ," ಎಂದ ಅಪ್ಪ.

ಚಿತ್ತಾರದ ಕಾಗದಕ್ಕೆ ಹುಡುಕಾಟ ನಡೆಯಿತು. ಸೀರೆ ಡಬ್ಬದ ಒಳಗಿನ ಹೂವಿನ ಕಾಗದ, ಊದುಬತ್ತಿಯ ಪೊಟ್ಟಣ, ಹಳೇ ಲಗ್ನಪತ್ರಿಕೆಗಳ ಬೆನ್ನು, ಎಲ್ಲವನ್ನೂ ಕತ್ತರಿಸಿದೆ. ಸಾಲದಾಗ ಬಕೆಟ್ಟಿನ ನೀರಿನ ಮೇಲೆ ಕೊಂಬಿನ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಕದಡಿ ತೇಲಿಬಿಟ್ಟು, ಕಡ್ಡಿಯಿಂದ ಸುತ್ತಿಸಿ, ಮೇಲೆ ಕಾಗದ ಹಾಸಿ ಎತ್ತಿದೆ. ಹಸಿರು, ಕೆಂಪು ಎಳೆಗಳು ಸುರುಳಿ ಸುರುಳಿಯಾಗಿ ಅಂಟಿಕೊಂಡು ಬಂದವು. ಅಂಥ ಕಾಗದ ಪಟ್ಟಣದ ಯಾವ ಅಂಗಡಿಯಲ್ಲೂ ಇರಲಿಲ್ಲ. ಆದರೆ ನಮ್ಮ ಎಮ್ಮೆ ಆ ಬಕೆಟ್ಟಿನಲ್ಲಿ ಮತ್ತೆ ನೀರು ಕುಡಿಯಲಿಲ್ಲ, ಅಪ್ಪ ಎಷ್ಟು ಪುಸಲಾಯಿಸಿದರೂ ಮೂಸಿ ಮುಖ ತಿರುಗಿಸುತ್ತಿತ್ತು.

ಅಲಂಕಾರಕ್ಕೆ ಬೇಗಡೆ, ಚಮಕಿ, ಒಡೆದ ಬಳೆ, ಕನ್ನಡಿ ಚೂರು, ಬತ್ತದ ತೆನೆ. ಅಂಟಿಸಲು ಮೈದಾ ಗಂಜಿ. ಜಿರಲೆ ತಿನ್ನದಿರಲಿ ಎಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. ಸಾಸಿವೆ ಅಂಟಿಸಿ ಗೆಳತಿಯೊಬ್ಬಳಿಗೆ ಕಳಿಸಿದ ಕಾರ್ಡು ದಾರಿಯಲ್ಲಿ ಎಲ್ಲೋ ನೆನೆದು, ಅವಳ ಕೈಸೇರುವಾಗ ಮೊಳಕೆ ಬಂದಿತ್ತಂತೆ. ಬೆಳೆಯುವ ಗ್ರೀಟಿಂಗ್ ಕಾರ್ಡು ಮಾಡಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಕಷ್ಟವಾಗಿದ್ದು ಅಕ್ಷರ. ಕೈಯಲ್ಲಿ ಬರೆದರೆ ಅದು ಕಾರ್ಡೇ ಅಲ್ಲ, ಅಚ್ಚಾಗಬೇಕು ಎಂಬ ಹಠ ನನಗೆ. ತರಕಾರಿಯಲ್ಲಿ ಅಕ್ಷರ ನಿಲ್ಲುವುದಿಲ್ಲ. ಕಡೆಗೆ ಅಪ್ಪನ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ಪಟ್ಟಿ ಕೊಯ್ದು, ಬ್ಲೇಡಿನಿಂದ ಕೊರೆದು, ಶುಭಾಶಯ ಎಂಬ ಅಚ್ಚು ಮಾಡಿದೆ. ಒತ್ತಿ ತೋರಿಸಿದಾಗ ಅಪ್ಪ ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಇದು ತೆಲುಗಾ ಮಗ?"

ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯಬೇಕು ಎನ್ನುವುದು ನನಗೆ ಹೊಳೆದಿರಲಿಲ್ಲ. ಆಮೇಲೆ ಕನ್ನಡಿ ಇಟ್ಟುಕೊಂಡು ಕೊರೆಯುವುದನ್ನು ಕಲಿತೆ. ಅಪ್ಪ ಮಾತ್ರ ಕೆಲವು ದಿನ ಒಂದು ಹಿಮ್ಮಡಿ ನೆಲಕ್ಕೆ ತಾಗುವ ಹಾಗೆ ಓಡಾಡಿದ.

ಅಕ್ಷರಕ್ಕೆ ಸಂಬಂಧಿಸಿದ ಇನ್ನೊಂದು ತೊಡಕೂ ನನಗಿತ್ತು. ನಮ್ಮ ಕಡೆಯ ಬಾಯಲ್ಲಿ ಹಕಾರ ಇಲ್ಲ. ಹಸು ಅಸುವಾಗುತ್ತದೆ, ಹೂವು ಊವಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಹೈಸ್ಕೂಲಿನ ಕನ್ನಡ ಮೇಷ್ಟರು ನನ್ನ ಪುಸ್ತಕ ನೋಡಿದಾಗೆಲ್ಲ, ನಿಮ್ಮೂರ ಹಕಾರ ಏನು ನಾಲೆಯಲ್ಲಿ ಕೊಚ್ಚಿಕೊಂಡು ಹೋಯಿತೇ ಎನ್ನುತ್ತಿದ್ದರು. ಅವಮಾನ ತಾಳದೆ ನಾನೊಂದು ನಿಯಮ ಮಾಡಿಕೊಂಡಿದ್ದೆ. ಅ, ಆ, ಊ ಅಂತ ಶುರುವಾಗುವ ಯಾವ ಪದ ಬಂದರೂ ಮೊದಲು ನಿಲ್ಲುವುದು, ಇದರ ಮುಂದೆ ಹಕಾರ ಇದೆಯೋ ಎಂದು ಯೋಚಿಸುವುದು. ಅತಿ ಯೋಚಿಸಿ ಒಮ್ಮೆ ಪರೀಕ್ಷೆಯಲ್ಲಿ ಹಕ್ಕಿರೊಟ್ಟಿ ಎಂದೂ ಬರೆದಿದ್ದೆ. ಆದರೆ ಕಾಲೇಜಿಗೆ ಬರುವ ಹೊತ್ತಿಗೆ ನನ್ನ ಕನ್ನಡ ಶುದ್ಧವಾಯಿತೆಂದು ನಂಬಿಕೆ ಬಂದಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವ್ವ ಬಂದು ನನ್ನ ಎದುರು ಕುಳಿತಳು. ಅದುವರೆಗೂ ನನ್ನ ಕೆಲಸವನ್ನು ಕಸ ಮಾಡುವ ಕಸುಬು ಎಂದು ಕರೆಯುತ್ತಿದ್ದವಳು. ಚಮಕಿಯ ಡಬ್ಬಿಯಲ್ಲಿ ಬೆರಳಾಡಿಸಿದಳು.

"ದೇವ್ಲಾಪುರಕ್ಕೂ ಒಂದ್ ಮಾಡು," ಎಂದಳು.

ನಾನು ಕತ್ತರಿ ಕೆಳಗಿಟ್ಟೆ. ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ಇದ್ದದ್ದು ಅವ್ವನ ಅಕ್ಕ, ನಮ್ಮ ದೊಡ್ಡವ್ವ. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವ್ವನಿಗೆ ಜಡೆ ಹಾಕಿ, ತುತ್ತು ತಿನ್ನಿಸಿ, ಮದುವೆ ಮಾಡಿ ಕಳಿಸಿದವಳು ಆ ಅಕ್ಕನೇ. ಆದರೆ ನಾನು ಹುಟ್ಟಿದಾಗ ಅವಳು ಬರಲಿಲ್ಲ. ತಾಯಿಯಿಲ್ಲದ ಅವ್ವನಿಗೆ ಎಣ್ಣೆ ನೀರು ಹಾಕಲು ಪಕ್ಕದ ಮನೆಯವರು ದಯೆ ತೋರಿಸಬೇಕಾಯಿತು. ಅವ್ವ ಅದನ್ನು ಬಾಯಿಬಿಟ್ಟು ಆಡದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದಳು. ನಮ್ಮ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತ ಒಂದು ದಿನ ದೊಡ್ಡವ್ವ ಮುದ್ದೆ ಮುರಿದಳು, ಒಳಗೆ ಹಿಟ್ಟಿನ ಗಂಟು ಸಿಕ್ಕಿತು.

"ನಾಲೆ ನೀರು ಕುಡ್ದೋರ್ಗೆ ಮುದ್ದೆ ಎಲ್ ಬಂದದು ಬುಡಿ. ಅನ್ನ ಬಸ್ಯೋ ಕೈ ಅದು," ಎಂದಳು ಎಲ್ಲರಿಗೂ ಕೇಳುವ ಹಾಗೆ. ಒಣಭೂಮಿಯ ದೇವಲಾಪುರದವರಿಗೆ ತಮ್ಮ ರಾಗಿಯ ಮೇಲೆ ಅಷ್ಟು ಗರ್ವ.

"ಬಾಣಂತನಕ್ಕೆ ಬರ್ನಿಲ್ಲ, ಮುದ್ದೆ ಗಂಟು ಎಣ್ಸಕ್ ಬಂದ್ಲು," ಎಂದುಬಿಟ್ಟಳು ಅವ್ವ.

ದೊಡ್ಡವ್ವ ಅರ್ಧ ಊಟಕ್ಕೆ ಎದ್ದು ಕೈತೊಳೆದು ಹೋದಳು. ಅಂದಿನಿಂದ ಮದುವೆ ಮುಂಜಿಗಳಲ್ಲಿ ಎದುರಾದರೆ ನಾನೇ ಇಬ್ಬರ ಅಂಚೆಕಚೇರಿ. ನಿಮ್ಮವ್ವನ್ಗೆ ಯೋಳು ಎಂದು ದೊಡ್ಡವ್ವ, ನಿಮ್ ದೊಡ್ಡವ್ವನ್ಗೆ ಯೋಳು ಎಂದು ಅವ್ವ. ಇಬ್ಬರ ನಡುವೆ ಒಂದು ಮೊಳವೂ ಅಂತರವಿರುತ್ತಿರಲಿಲ್ಲ, ಆದರೂ ಮಾತು ನನ್ನ ಮೂಲಕವೇ ಹೋಗಬೇಕು.

ಅವ್ವನಿಗೆ ಬೇಕಾಗಿದ್ದು ಅಕ್ಕ ಮತ್ತೆ ಮಾತಾಡುವುದು. ಅವ್ವನಿಗೆ ಬೇಡವಾಗಿದ್ದು ತಾನು ಮೊದಲು ಮಾತಾಡುವುದು. ಇವೆರಡನ್ನೂ ಒಟ್ಟಿಗೆ ನಡೆಸಿಕೊಡುವ ವಸ್ತು ಗ್ರೀಟಿಂಗ್ ಕಾರ್ಡು ಎಂದು ಅವಳಿಗೆ ಹೊಳೆದಿತ್ತು. ರಾತ್ರಿ ಹೊತ್ತು ಅವಳು ಸುಮ್ಮನೆ ಮಗ್ಗುಲು ಬದಲಿಸುವುದನ್ನು ನಾನು ಕಂಡಿದ್ದೆ. ಅದಕ್ಕೇ ಆ ಕಾರ್ಡಿಗೆ ನನ್ನ ಅತಿ ಒಳ್ಳೆಯ ಸುರುಳಿ ಕಾಗದವನ್ನೇ ತೆಗೆದೆ.

ಚಿತ್ರ ನಾನು ಯೋಚಿಸಿಟ್ಟಿದ್ದೆ. ಎರಡು ಕಡೆ ಎರಡು ಕಬ್ಬಿನ ಜಲ್ಲೆ, ನಡುವೆ ತೋರಣ, ತೋರಣದ ಮೇಲೆ ಹುಟ್ಟುವ ಸೂರ್ಯ. ಕಬ್ಬಿಗೆ ನಿಜವಾದ ಕಬ್ಬಿನ ಗರಿಯನ್ನೇ ಸೀಳಿ ಅಂಟಿಸಿದೆ. ತೋರಣಕ್ಕೆ ಬಾಳೆದಂಟಿನ ಅರ್ಧಚಂದ್ರವನ್ನು ಹಸಿರಿನಲ್ಲಿ ಒತ್ತಿ, ಎರಡೂ ತುದಿಯಿಂದ ದಾರ ಎಳೆದು ಜಲ್ಲೆಗಳಿಗೆ ಕಟ್ಟಿದೆ. ಸೂರ್ಯನಿಗೆ ಬಂಗಾರದ ಬೇಗಡೆಯ ದುಂಡು ಬಿಲ್ಲೆ. ಅಲ್ಲಿಗೆ ಮುಗಿಸಬೇಕಿತ್ತು. ಅವ್ವ ಬಿಡಲಿಲ್ಲ.

"ಸೂರ್ಯಪ್ಪನ್ಗೆ ಕಣ್ಣಿಡು."

"ಸೂರ್ಯನಿಗೆ ಕಣ್ಣು ಎಲ್ಲಿರ್ತವೆ ಅವ್ವಾ?"

"ಕಣ್ಣಿಲ್ದೆನೇ ಇಡೀ ಲೋಕ ನೋಡ್ತಾನಾ? ಇಡು."

ಎರಡು ಕಪ್ಪು ಚಮಕಿ ಅಂಟಿಸಿದೆ. ಬಾಯಿ ಬೇಕೆಂದಳು, ಕೆಂಪು ಬಳೆಯ ಚೂರು ಇಟ್ಟೆ. ಅಷ್ಟು ಚೆನ್ನಾಗಿ ಹೊಳೆಯುತ್ತಿರುವಾಗ ಕಣ್ಣು ಬಿದ್ದೀತೆಂದು ಅವಳೇ ಕಾಡಿಗೆಯಲ್ಲಿ ಬೆರಳದ್ದಿ ಸೂರ್ಯನ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು. ಆಮೇಲೆ ಒಳಗಿನಿಂದ ಹಿಡಿ ರಾಗಿ ತಂದು, ಅಂಚಿನ ಸುತ್ತ ಒತ್ತೊತ್ತಾಗಿ ಅಂಟಿಸು ಎಂದಳು.

"ರಾಗಿ ಯಾಕೆ?"

"ಅವ್ಳಿಗೆ ಅರ್ಥ ಆಯ್ತದೆ ಬುಡು."

ಮುದ್ದೆಯ ವಿಷಯದಲ್ಲಿ ತಪ್ಪಾಯಿತು ಎನ್ನುವುದು ಆ ರಾಗಿಯ ಅರ್ಥ. ನಮ್ಮ ಅವ್ವ ಬಾಯಲ್ಲಿ ಹೇಳದ್ದನ್ನು ಧಾನ್ಯದಲ್ಲಿ ಹೇಳುವವಳು.

ಉಳಿದದ್ದು ಬರಹ. ರೇಡಿಯೋದಲ್ಲಿ ಹಬ್ಬದ ದಿನ ಹೇಳುತ್ತಾರಲ್ಲ, ಆ ಮಾತು ಹಾಕು ಎಂದಳು ಅವ್ವ.

"ನಮ್ಮ ಆರೈಕೆ ನಿಮಗಿರಲಿ ಅಂತಲಾ?"

"ಚಿಕ್ಕೋಳು ದೊಡ್ಡೋಳ್ಗೆ ಆರೈಸದಾ? ಅವ್ಳಿಗೆ ಸಿಟ್ ಬತ್ತದೆ. ನಿಮ್ಮ ಆರೈಕೆ ನಮಗಿರಲಿ ಅಂತ ಆಕು."

ಅಪ್ಪನ ಇನ್ನೊಂದು ಚಪ್ಪಲಿಯನ್ನೂ ಕೊಯ್ದೆ. ಈಗ ಎರಡೂ ಕಾಲು ಸಮವಾಯಿತು ಬಿಡು ಎಂದ ಅಪ್ಪ. ಕನ್ನಡಿ ಇಟ್ಟುಕೊಂಡು ಒಂದೊಂದೇ ಅಕ್ಷರ ತಿರುವಿ ಕೊರೆಯತೊಡಗಿದೆ. ಆರೈಕೆಯ ಆ ಬಂದಾಗ ಅಭ್ಯಾಸದಂತೆ ನಿಂತೆ. ಇದರ ಮುಂದೆ ಹಕಾರ ಇದೆಯೋ? ಆರೈಕೆ ಎಂಬ ಪದ ಇದೆ, ರೋಗಿಗಳ ಆರೈಕೆ ಅಂತ ಪುಸ್ತಕದಲ್ಲೇ ಓದಿದ್ದೇನೆ. ಪದ ಇದೆ ಅಂದಮೇಲೆ ಸರಿ ಇದೆ ಎಂದು ಬ್ಲೇಡು ಮುಂದುವರಿಸಿದೆ. ಹಾರೈಕೆ ಎಂಬ ಇನ್ನೊಂದು ಪದವೂ ಇದೆ, ಅವ್ವ ಹೇಳುತ್ತಿರುವುದು ಅದನ್ನೇ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಗಮನವೆಲ್ಲ ತಲೆಕೆಳಗಾಗುತ್ತಿದ್ದ ರೈ ಮೇಲಿತ್ತು. ಅಚ್ಚು ಮಾತ್ರ ಬಹಳ ಚೊಕ್ಕವಾಗಿ ಬಂತು. ಒಂದು ಅಕ್ಷರವೂ ತೆಲುಗಾಗಲಿಲ್ಲ. ಸಂಕ್ರಾಂತಿಗೆ ಇನ್ನೂ ದಿನಗಳಿರುವಾಗಲೇ ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ. ಅಲುಗಾಡಿಸಿದರೆ ಒಳಗಿನಿಂದ ಗೆಜ್ಜೆಯ ಸದ್ದು ಬರುತ್ತಿತ್ತು.

ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ಲು ಬೀದಿಯಲ್ಲಿ ಹಾದಾಗಲೆಲ್ಲ ಅವ್ವ ಏನೋ ನೆಪ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಅವನು ನಿಲ್ಲದೆ ಹೋದರೆ, ಬೀದಿಯಲ್ಲಿ ಕೋಳಿ ಹುಡುಕುವವಳಂತೆ ಅತ್ತಿತ್ತ ನೋಡಿ ಒಳಗೆ ಹೋಗುತ್ತಿದ್ದಳು. ನನಗೆ ಪಾಪ ಎನಿಸುತ್ತಿತ್ತು, ಕಾರ್ಡು ಚೆನ್ನಾಗಿರಲಿಲ್ಲವೇನೋ ಎಂದು ಸಂಕಟವೂ ಆಗುತ್ತಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನದ ಬಸ್ಸಿಗೆ ದೊಡ್ಡವ್ವ ಬಂದಳು.

ನಾನು ಅಂಗಳದಲ್ಲಿ ಎಳ್ಳು ಒಣಗಿಸುತ್ತಿದ್ದೆ. ಅವಳ ಎರಡು ಕೈಯಲ್ಲಿ ಎರಡು ಚೀಲ, ಒಂದರ ಬಾಯಿಂದ ಕೋಳಿಯೊಂದು ತಲೆ ಹೊರಗೆ ಹಾಕಿ ನಮ್ಮೂರು ನೋಡುತ್ತಿತ್ತು. ದೊಡ್ಡವ್ವ ನನ್ನನ್ನು ಮಾತಾಡಿಸುವ ಮೊದಲು ಬಟ್ಟೆ ಒಣಹಾಕಿದ ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮೂಗು ಎತ್ತಿ ಗಾಳಿ ಮೂಸಿದಳು.

"ಸಾಂಬ್ರಾಣಿ ಆಕಕಿಲ್ವಾ ನಿಮ್ ಅಟ್ಟೀಲಿ?"

ಯಾಕೆ ಎಂದು ನಾನು ಕೇಳುವುದರೊಳಗೆ ಹಿಂದಿನಿಂದ ಅವ್ವ ಬಂದಳು, ನಾಲೆ ಏರಿಯ ಮೇಲೆ ಕೊಯ್ದ ಹಸಿಹುಲ್ಲಿನ ಹೊರೆ ತಲೆಯ ಮೇಲೆ ಹೊತ್ತು. ಅಕ್ಕನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ದೊಡ್ಡವ್ವನ ಮುಖ ಕೆಂಪಗಾಯಿತು. ಆದರೆ ಮಾತು ನನ್ನ ಕಡೆಗೇ ಬಂತು.

"ಏನಮ್ಮಿ, ಅಸಿ ಬಾಣಂತಿ ತಲೆ ಮ್ಯಾಲೆ ಉಲ್ಲಿನ ಒರೆ ಒರ್ಸಿದ್ದೀರಲ್ಲ, ನಿಮ್ಮಪ್ಪನ್ಗೆ ಕಣ್ ಕಾಣಕಿಲ್ವಾ?"

"ಯಾರ್ ಬಾಣಂತಿ ಅಂತ ಕೇಳು," ಎಂದಳು ಅವ್ವ, ಹೊರೆಯ ಕೆಳಗಿನಿಂದ.

ದೊಡ್ಡವ್ವ ಚೀಲ ಇಳಿಸಿ ಸೊಂಟದಿಂದ ನನ್ನ ಕಾರ್ಡು ತೆಗೆದಳು. ಮೂರನೇ ಕ್ಲಾಸಿನವರೆಗೆ ಓದಿದವಳು, ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. "ನಿಮ್ಮ ಆರೈಕೆ ನಮಗಿರಲಿ. ಬಾಣಂತನಕ್ಕೆ ಬಾ ಅಂತ ತಾನೆ ಇದು? ಇಗೋ ತೊಟ್ಲು. ಇಗೋ ಕೂಸು, ದೃಷ್ಟಿಬೊಟ್ಟೂ ಇಟ್ಟಿದ್ದೀರಿ. ಸುತ್ತ ರಾಗಿ, ಮಗೀಗೆ ಸರಿ ಕಾಸಿ ತಿನ್ಸಕ್ಕೆ. ಇಷ್ಟ್ ದೊಡ್ಡ್ ಸುದ್ದಿನ ಯಾರಾರ ಕಾಗ್ದದಲ್ ಬರ್ದಾರಾ ಅಂತ ಬೈಕಂಡು, ಅಟ್ಟಿ ಬಾಗ್ಲು ಆಕ್ಕಂಡ್ ಬಂದಿವ್ನಿ."

ನಾನು ಎದ್ದು ಹೋಗಿ ಅವಳ ಕೈಯಲ್ಲಿದ್ದ ಕಾರ್ಡು ನೋಡಿದೆ. ತೊಟ್ಟಿಲೇ. ಎರಡು ಕಂಬ, ದಾರ ಕಟ್ಟಿ ಇಳಿಬಿಟ್ಟ ತೊಟ್ಟಿಲು, ಒಳಗೆ ಕಣ್ಣು ಬಾಯಿ ಇರುವ ದುಂಡು ಮುಖದ ಕೂಸು. ಇಷ್ಟು ದಿನ ನಾನದನ್ನು ಸೂರ್ಯ ಎಂದುಕೊಂಡಿದ್ದೇ ಆಶ್ಚರ್ಯ. ಕೊಟ್ಟಿಗೆಯೊಳಗಿಂದ ಅಪ್ಪ ನಗುವ ಸದ್ದು ಕೇಳಿಸಿತು. ತಡೆಯಲು ಹೋಗಿ ಕೆಮ್ಮು ಬಂದು, ಕೆಮ್ಮಿನ ನಡುವೆ ಮತ್ತೆ ನಗು ಬಂತು.

ನಾನು ವಿವರಿಸಲು ಹೋದೆ. "ಇದು ಆರೈಕೆ ಅಲ್ಲ ದೊಡ್ಡವ್ವಾ. ಅವ್ವ ಬರ್ಸಿದ್ದು ಆರೈಕೆ."

"ಅದ್ನೇ ಅಲ್ವಾ ನಾನೂ ಓದಿದ್ದು?"

"ಅಲ್ಲ, ನೀ ಓದಿದ್ದು ಆರೈಕೆ. ನಾನ್ ಯೋಳ್ತಿರೋದು ಆರೈಕೆ."

ದೊಡ್ಡವ್ವ ನನ್ನನ್ನು ಕರುಣೆಯಿಂದ ನೋಡಿದಳು. ಕಾಲೇಜಿಗೆ ಹೋಗಿ ಹುಡುಗಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ. ನಾನು ಕಡೆಗೆ ಬಾಯಿ ತೆರೆದು ಗಂಟಲಿನಿಂದ ಹಕಾರ ಹೊರಡಿಸಿ, ಹಬ್ಬದ ಹಾರೈಕೆಯ ಮಾತು ಅದು, ಒಂದು ಅಕ್ಷರ ತಪ್ಪಿದೆ, ಮನೆಯಲ್ಲಿ ಯಾರೂ ಹೆತ್ತಿಲ್ಲ ಎಂದು ಬಿಡಿಸಿ ಹೇಳಿದೆ.

ಆಗ ಅವಳ ಮುಖ ಇಳಿದುಹೋಯಿತು. ನನಗಿದ್ದ ನಗುವೂ ಅಲ್ಲಿಗೇ ನಿಂತಿತು.

"ಅಂಗಾರೆ ನನ್ನ ಯಾರೂ ಕರೀನಿಲ್ಲ," ಎಂದಳು ಮೆಲ್ಲಗೆ. ಕಾರ್ಡನ್ನು ಜಗಲಿಯ ಮೇಲಿಟ್ಟಳು. ಚೀಲದಿಂದ ಬೆಳ್ಳುಳ್ಳಿ ಗೊಂಚಲು, ಒಣಶುಂಠಿ, ಬಜೆ, ಹರಳೆಣ್ಣೆಯ ಬಾಟ್ಲು, ತೊಳೆದು ಮಡಿಸಿದ ಮೆತ್ತನೆ ಹಳೇ ಸೀರೆಯ ತುಂಡುಗಳು ಇಣುಕುತ್ತಿದ್ದವು. ಅವನ್ನೆಲ್ಲ ಒಳಕ್ಕೆ ತುರುಕಿ, ಕೋಳಿಯ ತಲೆಯನ್ನೂ ಒಳಕ್ಕೆ ತಳ್ಳಿ, ಚೀಲ ಎತ್ತಿಕೊಂಡಳು. "ಪಟ್ಣದ ಬಸ್ ಎಷ್ಟೊತ್ಗಮ್ಮಿ?"

ನಾನು ಅವ್ವನನ್ನು ನೋಡಿದೆ. ಇರು ಎಂಬ ಒಂದು ಮಾತು ಸಾಕಿತ್ತು. ಆದರೆ ಮೂರು ವರ್ಷ ಹಿಡಿದಿಟ್ಟ ಬಾಯಿ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ನನಗೆ ಅಳು ಬಂದಂತಾಯಿತು, ಇಬ್ಬರ ಮೇಲೂ ಕೋಪ ಬಂತು.

ಅವ್ವ ಹುಲ್ಲಿನ ಹೊರೆಯನ್ನು ಅಂಗಳದಲ್ಲೇ ಎಸೆದಳು. ಒಳಗೆ ಹೋಗಿ ಚಾಪೆ ತಂದು ಜಗಲಿಯ ಮೇಲೆ ಹಾಸಿ, ಹಾಡಹಗಲಲ್ಲಿ, ಕಂಬಳಿ ಹೊದ್ದು ಮಲಗಿಬಿಟ್ಟಳು. ಜ್ವರ ಬಂದಾಗಲೂ ಹಗಲು ಮಲಗಿದವಳಲ್ಲ.

"ನಿಮ್ ದೊಡ್ಡವ್ವನ್ಗೆ ಯೋಳು," ಎಂದಳು ಕಂಬಳಿಯೊಳಗಿಂದ. "ನಂಗೆ ಸೊಂಟ ಇಡ್ಕಂಡೈತೆ. ಏಳಕ್ಕಾಗಕಿಲ್ಲ."

ದೊಡ್ಡವ್ವ ಅಂಗಳದ ಅಂಚಿನಲ್ಲಿ ನಿಂತಳು. ತಿರುಗಲಿಲ್ಲ. "ಯಾವಾಗಿಂದ ಅಂತ ಕೇಳು."

"ನಿನ್ನ ಎತ್ತ ದಿನ್ದಿಂದ ಅಂತ ಯೋಳು," ಎಂದಳು ಅವ್ವ ನನಗೆ.

ಅದನ್ನು ನಾನು ದಾಟಿಸುವ ಅಗತ್ಯ ಬೀಳಲಿಲ್ಲ. ದೊಡ್ಡವ್ವ ಚೀಲ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಂಡೆ ಒಲೆಗೆ ಉರಿ ಆಕು," ಎಂದಳು.

ಹದಿನಾರು ವರ್ಷ ತಡವಾಗಿ ನಮ್ಮ ಮನೆಯಲ್ಲಿ ನಾನು ಹುಟ್ಟಿದ್ದರ ಬಾಣಂತನ ನಡೆಯಿತು. ದೊಡ್ಡವ್ವ ಹರಳೆಣ್ಣೆ ಕಾಯಿಸಿ ಅವ್ವನ ನೆತ್ತಿಗೆ ತಟ್ಟಿದಳು, ಬೆನ್ನಿಗೆ, ಸೊಂಟಕ್ಕೆ, ಕಾಲಿನ ಗಿಣ್ಣುಗಳಿಗೆ ನೀವಿದಳು. ಬೆಳ್ಳುಳ್ಳಿ ಸುಟ್ಟು ತಿನ್ನಿಸಿದಳು. ಶುಂಠಿ ಮೆಣಸು ಕುಟ್ಟಿ ತುಪ್ಪದಲ್ಲಿ ಕಲಸಿ ಬಾಯಿಗಿಟ್ಟಾಗ ಅವ್ವ ಮುಖ ಕಿವುಚಿದಳು, ಆದರೆ ನುಂಗಿದಳು. ಕೂಸು ಪಿಯುಸಿ ಓದುತ್ತಿರುವ ಬಾಣಂತಿಗೆ ಇದೆಲ್ಲ ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಗಂಡಸರು ಬಾಣಂತಿ ಕೋಣೆ ಹತ್ರ ಸುಳಿಯಬಾರದು ಎಂದು ದೊಡ್ಡವ್ವ ಅವನನ್ನು ಎಮ್ಮೆ ಮೇಯಿಸಲು ಅಟ್ಟಿದಳು.

ಬಚ್ಚಲಿನ ಹೊರಗೆ ಹಂಡೆಯ ಒಲೆಗೆ ನಾನು ಒಣ ಕಬ್ಬಿನ ತರಗು ತುರುಕುತ್ತ ಕುಳಿತಿದ್ದೆ. ಒಳಗೆ ಸುಡುನೀರು ಬೀಳುವ ಸದ್ದು, ಅವ್ವ ಉಸಿರೆಳೆದುಕೊಳ್ಳುವ ಸದ್ದು. ಅರ್ಧ ತೆರೆದ ಬಾಗಿಲಿಂದ ಹಬೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವ ನನ್ನನ್ನು ಕರೆದಳು.

"ನಿಮ್ಮವ್ವನ್ಗೆ ಯೋಳು ಮಗ. ನೀ ಉಟ್ಟಿದಾಗ ಕಣದಲ್ ರಾಗಿ ಬಿದ್ದಿತ್ತು. ನಮ್ಮತ್ತೆ ಕಳ್ಸಕಿಲ್ಲ ಅಂದ್ಬುಟ್ರು. ಒಂಟೋಗ್ಬುಡದು ಅಂತ ಸೀರೆನೂ ಉಟ್ಕಂಡಿದ್ದೆ. ಎದ್ರುಕಂಡು ಮತ್ತೆ ಬಿಚ್ಚಾಕ್ದೆ. ಅದ್ನ ಯೋಳ್ಕಳಕ್ಕೆ ನಾಚ್ಕೆ ಆಗಿ ಮುದ್ದೆ ಮ್ಯಾಲೆ ಆಡ್ಕಂಡೆ."

ನೀರಿನ ಸದ್ದು ನಿಂತಿತ್ತು. ಅವ್ವ ಅವಳ ಕೈಯಳತೆಯಲ್ಲೇ ಮಣೆಯ ಮೇಲೆ ಕೂತಿದ್ದಳು. ಆದರೂ ನನ್ನ ಕೆಲಸ ನಾನು ಮಾಡಬೇಕಲ್ಲ ಎಂದು ಬಾಗಿಲಿಗೆ ಬಾಯಿಟ್ಟು, "ಅವ್ವಾ, ದೊಡ್ಡವ್ವ ಯೋಳ್ತಾವ್ಳೆ," ಎಂದು ಶುರುಮಾಡಿದೆ.

"ನೀ ಸುಮ್ಕಿರಮ್ಮಿ," ಎಂದಳು ಅವ್ವ. ಆಮೇಲೆ ಅವಳ ದನಿ ಇನ್ನೊಂದು ಕಡೆಗೆ ತಿರುಗಿತು.

"ಅಕ್ಕಾ, ಬೆನ್ನಿಗೆ ಇನ್ನೊಂದ್ ಚೊಂಬು ಉಯ್ಯಿ."